ವಕೀಲರು ಫೋನ್ ಎತ್ತುತ್ತಿಲ್ಲ, ತೋಟ ಮಾರೋದು ಹೇಗೆ?

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ 30 ಗುಂಟೆ ಮಾರಲು ಕರಾರು ಮಾಡಿಕೊಂಡು ಆರು ತಿಂಗಳಾಯಿತು. ಮೂಲ ಪತ್ರಗಳೆಲ್ಲ ವಕೀಲರ ಹತ್ತಿರ ಇವೆ. ಫೋನ್ ಎತ್ತುತ್ತಿಲ್ಲ. ಆಫೀಸಿಗೆ ಹೋದರೆ ‘ಕೋರ್ಟಿಗೆ ಹೋಗಿದ್ದಾರೆ’ ಅಂತಾರೆ. ಬೇರೆಯವರ ಹತ್ತಿರ ಹೋಗೋಣ ಅಂದರೆ ಇವರು ಎನ್‌ಒಸಿ ಕೊಡಬೇಕಂತೆ. ಏನು ಮಾಡಲಿ?
ಹೊಸನಗರ ತಾಲ್ಲೂಕಿನ ಓದುಗರು

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಒಮ್ಮೆ ಸೊರಬದಿಂದ ಬರುತ್ತದೆ, ಒಮ್ಮೆ ತೀರ್ಥಹಳ್ಳಿಯಿಂದ. ಕೊನೆಯ ಸಾಲು ಮಾತ್ರ ಅದೇ: ‘ಎನ್‌ಒಸಿ ಕೊಡಬೇಕಂತೆ.’ ಹಾಗಂತ ಯಾರು ಹೇಳಿದರು ಅಂತ ಕೇಳಿದರೆ ಯಾರಿಗೂ ಗೊತ್ತಿರೋದಿಲ್ಲ. ಇವತ್ತು ಇದನ್ನು ಬುಡಸಮೇತ ಕಿತ್ತು ಹಾಕೋಣ.

ಎನ್‌ಒಸಿ, ಅಂದರೆ ‘ನನ್ನ ಅಭ್ಯಂತರ ಇಲ್ಲ’ ಅನ್ನೋ ಪತ್ರದ ಮಾತು ಹುಟ್ಟಿದ್ದು ಕೋರ್ಟಿನಲ್ಲಿ. ದಾವೆ ನಡೆಯುವಾಗ ನೀವು ಒಬ್ಬ ವಕೀಲರಿಗೆ ವಕಾಲತ್ತಿಗೆ, ಅಂದರೆ ‘ನನ್ನ ಪರ ಇವರು ಕೇಸು ನಡೆಸುತ್ತಾರೆ’ ಅನ್ನೋ ಪತ್ರಕ್ಕೆ, ಸಹಿ ಹಾಕಿ ಕೊಟ್ಟಿರುತ್ತೀರಿ. ಅದು ಕೋರ್ಟಿನ ಫೈಲಿನಲ್ಲಿ ಇರುವಾಗ ಇನ್ನೊಬ್ಬ ವಕೀಲರು ಬರಬೇಕಾದರೆ ಮೊದಲಿನವರ ಒಪ್ಪಿಗೆ ಬೇಕು ಅಂತ ಬಾರ್ ಕೌನ್ಸಿಲ್ ನಿಯಮ ಹೇಳುತ್ತದೆ. ಅದೇ ನಿಯಮ ಮುಂದುವರಿದು, ಒಪ್ಪಿಗೆ ಸಿಗದಿದ್ದರೆ ಯಾಕೆ ಸಿಗಲಿಲ್ಲ ಅಂತ ಅರ್ಜಿ ಕೊಟ್ಟು ಕೋರ್ಟಿನ ಅನುಮತಿ ಪಡೆದು ಬರಬಹುದು ಅಂತಲೂ ಹೇಳುತ್ತದೆ. ಅಂದರೆ ಕೋರ್ಟಿನ ಕೇಸಿನಲ್ಲಿ ಕೂಡ ಹಳೆಯ ವಕೀಲರು ನಿಮ್ಮನ್ನು ಕಟ್ಟಿ ಹಾಕೋಕೆ ಆಗೋದಿಲ್ಲ.

ಈಗ ನೀವೇ ಹೇಳಿ. ತೋಟ ಮಾರೋದರಲ್ಲಿ ಕೇಸು ಎಲ್ಲಿದೆ? ವಕಾಲತ್ತು ಎಲ್ಲಿ ಹಾಕಿದ್ದೀರಿ? ನೀವು ಕೊಟ್ಟಿದ್ದು ಕೈಚೀಲದ ತುಂಬ ಕಾಗದ, ಜೊತೆಗೆ ‘ಕ್ರಯಪತ್ರ ಮಾಡಿಸಿಕೊಡಿ’ ಅನ್ನೋ ಒಂದು ಮಾತು. ಆ ಮಾತನ್ನು ನಾಳೆ ಬೆಳಿಗ್ಗೆಯೇ ಬೇರೆಯವರಿಗೆ ಹೇಳಬಹುದು. ಯಾರ ಅಪ್ಪಣೆಯೂ ಬೇಡ. ಕ್ರಯಪತ್ರವನ್ನು ವಕೀಲರೇ ಬರೆಯಬೇಕು ಅಂತ ಕೂಡ ಕಾನೂನಿನಲ್ಲಿ ಇಲ್ಲ, ಪತ್ರ ಬರಹಗಾರರು ದಿನಾ ಬರೆಯುತ್ತಾರೆ. ಸಬ್ ರಿಜಿಸ್ಟ್ರಾರ್ ಮುಂದೆ ಕೂತು ಫೋಟೋ ತೆಗೆಸಿಕೊಂಡು ಹೆಬ್ಬೆಟ್ಟು ಒತ್ತೋದು ನೀವು ತಾನೇ?

ಇದೇ ನಂಬಿಕೆಗೆ ಇನ್ನೊಂದು ಬೇರು ಇದೆ: ‘ಫೀಸು ಬಾಕಿ ಇದ್ದರೆ ಪತ್ರ ಹಿಡಿದಿಟ್ಟುಕೊಳ್ಳೋ ಹಕ್ಕು ವಕೀಲರಿಗೆ ಇದೆ.’ ಇಲ್ಲ. ಮಧ್ಯಪ್ರದೇಶದಲ್ಲಿ ಒಂದು ಸಹಕಾರಿ ಬ್ಯಾಂಕಿನ ವಕೀಲರು ಫೀಸು ಬಾಕಿ ಅಂತ ಕೇಸಿನ ಕಡತಗಳನ್ನು ವಾಪಸ್ ಕೊಡಲಿಲ್ಲ. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2000ದಲ್ಲಿ ತೀರ್ಪು ಬಂತು: ಕಕ್ಷಿದಾರರು ಕೇಳಿದರೆ ಕಡತ ಕೊಡಲೇಬೇಕು, ಫೀಸಿಗಾಗಿ ಅಡ ಇಟ್ಟುಕೊಳ್ಳೋ ಹಾಗಿಲ್ಲ, ಹಾಗೆ ಮಾಡಿದರೆ ಅದು ವೃತ್ತಿಯ ದುರ್ನಡತೆ. ಫೀಸು ವಸೂಲಿಗೆ ಅವರಿಗೆ ಬೇರೆ ದಾರಿ ಇದೆ. ಆಗಿರೋ ಕೆಲಸಕ್ಕೆ ನೀವು ಫೀಸು ಕೊಡಬೇಕು, ಅದು ನ್ಯಾಯ. ಆದರೆ ಪತ್ರ ನಿಮ್ಮದು.

ಹಾಗಾದರೆ ಮಾಡೋದೇನು? ಫೋನ್ ಮಾಡೋದು ನಿಲ್ಲಿಸಿ, ಕಾಗದ ಬರೆಯಿರಿ. ಯಾವ ದಿನ ಯಾವ ಯಾವ ಪತ್ರ ಕೊಟ್ಟಿರಿ ಅಂತ ಪಟ್ಟಿ ಮಾಡಿ, 15 ದಿನದೊಳಗೆ ವಾಪಸ್ ಕೊಡಿ ಅಂತ ಮರ್ಯಾದೆಯಿಂದಲೇ ಬರೆದು ಸ್ಪೀಡ್ ಪೋಸ್ಟ್ ಮಾಡಿ. ರಸೀದಿ ಜೋಪಾನ. ನಾನು ಕಂಡ ಹಾಗೆ ಹೆಚ್ಚಿನ ಪತ್ರಗಳು ಇಷ್ಟಕ್ಕೇ ಮನೆಗೆ ಬಂದಿವೆ. ಬರಲಿಲ್ಲ ಅಂದರೆ 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಅಡಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಗ್ರಾಹಕರ ಕೋರ್ಟಿಗೆ ಹೋಗಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ವಕೀಲರ ಸೇವೆ ಆ ಕಾಯ್ದೆಗೆ ಬರೋದಿಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅಲ್ಲಿವರೆಗೆ ಸುಮ್ನೆ ಕೂರಬೇಡಿ. ನೋಂದಣಿ ಆದ ಪತ್ರಗಳ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಿಗುತ್ತದೆ. ಆಸ್ತಿಯ ಮೇಲಿನ ಋಣಭಾರ ತೋರಿಸೋ ಇಸಿಯನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ತೆಗೆಯಬಹುದು, ಪಹಣಿಗೆ ನಾಡಕಚೇರಿ ಸಾಕು. ಕೊಳ್ಳುವವರು ಬ್ಯಾಂಕ್ ಸಾಲ ಮಾಡುತ್ತಿದ್ದರೆ ಬ್ಯಾಂಕಿನವರು ಮೂಲ ಪತ್ರವೇ ಬೇಕು ಅಂತ ಪಟ್ಟು ಹಿಡಿಯುತ್ತಾರೆ. ನೀವು ಸರ್ವೆ ನಂಬರಿನ ಒಂದು ಭಾಗ ಮಾರುತ್ತಿದ್ದರೆ ಮಾರುವ ಭಾಗವನ್ನು ಅಳತೆ ಮಾಡಿ ತೋರಿಸೋ 11ಇ ನಕ್ಷೆ ಇಲ್ಲದೆ ನೋಂದಣಿ ಆಗೋದಿಲ್ಲ. ಅದಕ್ಕೆ ವಕೀಲರು ಅರ್ಜಿ ಹಾಕಿದ್ದಾರಾ ಅಂತ ಮೊದಲು ನೋಡಿ. ಹಾಕಿಲ್ಲ ಅಂದರೆ ಇವತ್ತೇ ಹಾಕಿ. ಮಳೆ ಹಿಡಿದ ಮೇಲೆ ಅಳತೆಗೆ ಬರೋರು ಎಷ್ಟು ಸಲ ದಿನ ಮುಂದೆ ಹಾಕುತ್ತಾರೆ ಅಂತ ನಿಮಗೂ ಗೊತ್ತು.

ಕರಾರಿನ ಅವಧಿ ಮುಗಿಯುತ್ತಾ ಬಂದಿದ್ದರೆ ಕೊಳ್ಳುವವರ ಜೊತೆ ಕೂತು ವಿಸ್ತರಣೆ ಬರೆದುಕೊಂಡು ಇಬ್ಬರೂ ಸಹಿ ಹಾಕಿ. ‘ಅವಧಿ ಮುಗಿದರೆ ನಾನು ಬಿಡುಗಡೆ’ ಅಂತ ಅಂದುಕೊಳ್ಳಬೇಡಿ. ಕ್ರಯಕ್ಕೆ ಅಂತ ಕರಾರಿನಲ್ಲಿ ಗೊತ್ತು ಮಾಡಿದ ದಿನಾಂಕದಿಂದ 3 ವರ್ಷದವರೆಗೆ ಅವರು ಕ್ರಯ ಮಾಡಿಕೊಡಿ ಅಂತ ದಾವೆ ಹಾಕಬಹುದು.

ಇನ್ನೊಂದು ಮಾತು. ಆ ವಕೀಲರು ನಿಮ್ಮವರಾ, ಕೊಳ್ಳುವವರ ಕಡೆಯವರಾ? ನಮ್ಮಲ್ಲಿ ಎಷ್ಟೋ ಸಲ ಪತ್ರ ಪರಿಶೀಲನೆಗೆ ಕೊಳ್ಳುವವರೇ ವಕೀಲರನ್ನು ಹಿಡಿದಿರುತ್ತಾರೆ. ಮಾರುವವರು ಅವರಿಗೆ ಫೋನ್ ಮಾಡಿ ಮಾಡಿ ಸುಸ್ತಾಗುತ್ತಾರೆ. ಅವರು ಉತ್ತರ ಕೊಡಬೇಕಾದ್ದು ಕೊಳ್ಳುವವರಿಗೆ. ಅವರ ಮೂಲಕವೇ ಕೇಳಿಸಿ.

ನೀವು ಕೇಳದ ಒಂದು ವಿಷಯ ಹೇಳದೆ ಬಿಟ್ಟರೆ ನನಗೆ ಸಮಾಧಾನ ಆಗೋದಿಲ್ಲ. ಹೋದ ಮಳೆಗಾಲ ಒಬ್ಬರು ಹೀಗೇ ವಕೀಲರಿಂದ ಫೈಲು ವಾಪಸ್ ತಂದು ನನ್ನ ಮೇಜಿನ ಮೇಲೆ ಸುರಿದರು. ಕಾಗದಕ್ಕೆಲ್ಲ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿತ್ತು. ಬಿಡಿಸಿ ಬಿಡಿಸಿ ಫ್ಯಾನಿನ ಕೆಳಗೆ ಹರವಿದೆವು. ಪಹಣಿ ಇನ್ನೂ ಅವರ ತೀರಿಹೋದ ತಂದೆಯ ಹೆಸರಿನಲ್ಲೇ ಇತ್ತು. ಅದರ ಹಿಂದೆ ವಕೀಲರು ಪೆನ್ಸಿಲ್‌ನಲ್ಲಿ ಬರೆದಿದ್ದರು: ‘ತಂಗಿಯರು ಇಬ್ಬರು?’ ಅದಕ್ಕೊಂದು ಸುತ್ತು. ಎಂಟು ತಿಂಗಳು ಕೆಲಸ ನಿಂತಿದ್ದು ಆ ಎರಡು ಪದಕ್ಕೆ. ವಕೀಲರು ಬಾಯಿಬಿಟ್ಟು ಹೇಳಲಿಲ್ಲ, ಅದು ಅವರ ತಪ್ಪು. ಇವರೂ ತಂಗಿಯರ ವಿಷಯ ಎತ್ತಿರಲಿಲ್ಲ.

‘ಮದುವೆಯಲ್ಲಿ ಬಂಗಾರ ಹಾಕಿ ಕಳಿಸಿದ್ದೇವಲ್ಲ’ ಅಂದರು. ಅದರಿಂದ ಹಕ್ಕು ಹೋಗೋದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಪಾಲು. ತಂದೆ ಅದಕ್ಕೆ ಮುಂಚೆ ತೀರಿಕೊಂಡಿದ್ದರೂ ಹಕ್ಕು ಇದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪಾಲುಪತ್ರ ಆಗಿದ್ದರೆ ಮಾತು ಬೇರೆ. ತಂದೆ ಸ್ವಂತ ದುಡಿದು ಮಾಡಿದ ತೋಟವಾಗಿದ್ದು ವಿಲ್ ಬರೆಯದೆ ಹೋಗಿದ್ದರೆ 1956ರ ಅದೇ ಕಾಯ್ದೆಯಂತೆ ಆಗಲೂ ಹೆಣ್ಣುಮಕ್ಕಳಿಗೆ ಸಮಪಾಲು. ಬಾಯಿಮಾತಿನಲ್ಲಿ ‘ನನಗೆ ಬೇಡ ಅಣ್ಣ’ ಅಂದರೆ ಸಾಲದು. ಒಂದೋ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು, ಇಲ್ಲವೋ ಕ್ರಯಪತ್ರಕ್ಕೆ ಅವರೂ ಬಂದು ಸಹಿ ಹಾಕಬೇಕು.

ಆದ್ದರಿಂದ ವಕೀಲರಿಗೆ ಕಾಗದ ಬರೆಯುವ ಮೊದಲು ನಿಮ್ಮ ಪಹಣಿ ಯಾರ ಹೆಸರಿನಲ್ಲಿದೆ ನೋಡಿ. ಅಪ್ಪನದ್ದೋ ಅಜ್ಜನದ್ದೋ ಆಗಿದ್ದರೆ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ, ಅಂದರೆ ತೀರಿಹೋದವರ ಖಾತೆ ವಾರಸುದಾರರ ಹೆಸರಿಗೆ ಆಗೋಕೆ, ಅರ್ಜಿ ಕೊಡಿ. ತಂಗಿಯರಿಗೂ ಇವತ್ತೇ ಒಂದು ಫೋನ್ ಮಾಡಿ ವಿಷಯ ತಿಳಿಸಿ. ಬರುವಾಗ ಆಧಾರ್ ಕಾರ್ಡು ತರೋಕೆ ಹೇಳಿ.