ಜೀಯಸ್ ಇಲ್ಲದ ಪ್ರೊಮಿಥಿಯಸ್: ಗ್ರೀಕ್ ಪುರಾಣ ಮತ್ತು ವೈಜ್ಞಾನಿಕ ಕಥೆ

ವೈಜ್ಞಾನಿಕ ಕಥೆಗೂ ಗ್ರೀಕ್ ಪುರಾಣಕ್ಕೂ ಇರುವ ನಂಟಿನ ಬಗ್ಗೆ ಪ್ರಶ್ನೆ ಬಂದರೆ ಹೆಚ್ಚಿನವರು ಹೆಸರುಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಹೆಸರನ್ನು ಯಾರು ಬೇಕಾದರೂ ಎರವಲು ತರಬಹುದು. ಪುರಾಣದ ಯಾವ ಭಾಗ ಉಳಿಯಿತು, ಯಾವುದನ್ನು ಕಿತ್ತುಹಾಕಿದರು ಎನ್ನುವುದನ್ನು ನೋಡಿ. ಅದಕ್ಕೆ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ (1818) ಕಾದಂಬರಿ ಒಂದೇ ಸಾಕು. ಅದರ ಉಪಶೀರ್ಷಿಕೆಯೇ ‘ಆಧುನಿಕ ಪ್ರೊಮಿಥಿಯಸ್’.

ಯಾವ ಪ್ರೊಮಿಥಿಯಸ್? ಇಲ್ಲಿ ಇಬ್ಬರಿದ್ದಾರೆ. ಕ್ರಿ.ಪೂ. 700ರ ಆಸುಪಾಸಿನ ಕವಿ ಹೆಸಿಯಡ್ ಹೇಳುವವನು ಕಳ್ಳ: ದೇವತೆಗಳ ಬೆಂಕಿಯನ್ನು ಟೊಳ್ಳು ಕಾಂಡದೊಳಗೆ ಬಚ್ಚಿಟ್ಟು ಮನುಷ್ಯರಿಗೆ ತಂದುಕೊಟ್ಟ. ದೇವತೆಗಳ ರಾಜ ಜೀಯಸ್ ಅವನನ್ನು ಕಟ್ಟಿಹಾಕಿದ. ಹಗಲಲ್ಲಿ ಹದ್ದು ತಿಂದ ಯಕೃತ್ತು (ಪಿತ್ತಜನಕಾಂಗ) ರಾತ್ರಿ ಮತ್ತೆ ಬೆಳೆಯುತ್ತದೆ. ರೋಮನ್ ಕವಿ ಓವಿಡ್‌ನಲ್ಲಿ ಬರುವ ಪ್ರೊಮಿಥಿಯಸ್ ಮಣ್ಣಿಗೆ ನೀರು ಕಲಸಿ ಮನುಷ್ಯನನ್ನೇ ಮಾಡುತ್ತಾನೆ. ಕಾದಂಬರಿಯಲ್ಲಿ ಜೀವಿಯೊಂದನ್ನು ತಾನೇ ಮಾಡುವ ವಿಕ್ಟರ್ ಫ್ರಾಂಕೆನ್‌ಸ್ಟೈನ್‌ಗೆ ಹತ್ತಿರದವನು ಈ ಎರಡನೆಯವನು.

ಮೇರಿ ಶೆಲ್ಲಿ ಕಿತ್ತುಹಾಕಿದ್ದು ಜೀಯಸ್‌ನನ್ನು. ತಾನು ಮಾಡಿದ ಜೀವಿ ಕಣ್ಣು ಬಿಟ್ಟಿದ್ದೇ ತಡ, ವಿಕ್ಟರ್ ಹೆದರಿ ಓಡುತ್ತಾನೆ. ಮುಂದೆ ಅವನ ತಮ್ಮನನ್ನು, ಗೆಳೆಯನನ್ನು, ಹೆಂಡತಿಯನ್ನು ಕೊಲ್ಲುವುದು ಅವನು ಕೈಬಿಟ್ಟ ಆ ಜೀವಿಯೇ. ಮೇಲಿನಿಂದ ಶಾಪವಿಲ್ಲ, ಹದ್ದಿಲ್ಲ. ಶಿಕ್ಷೆ ಕೊಡುವ ಕೆಲಸವೂ ಸೃಷ್ಟಿಗೇ ಬಿದ್ದಿದೆ. ನಮಗೆ ಭಸ್ಮಾಸುರ ನೆನಪಾಗುವುದು ಸಹಜ. ಆದರೆ ಅಲ್ಲಿ ಕಾಪಾಡಲು ಮೋಹಿನಿ ಬರುತ್ತಾಳೆ, ಇಲ್ಲಿ ಯಾರೂ ಬರುವುದಿಲ್ಲ.

ಹಾಗಾದರೆ ಬೆಂಕಿ ಎಲ್ಲಿ ಹೋಯಿತು? ಅದು ಕಾಡಿನಲ್ಲಿದೆ. ಭಿಕ್ಷುಕರು ಬಿಟ್ಟುಹೋದ ಬೆಂಕಿ ಆ ಜೀವಿಯ ಕಣ್ಣಿಗೆ ಬೀಳುತ್ತದೆ. ಬಿಸಿ ಹಿತವಾಗಿದೆಯೆಂದು ಕೆಂಡಕ್ಕೇ ಕೈ ಹಾಕಿ, ಚೀರಿ ಹಿಂದಕ್ಕೆಳೆದುಕೊಳ್ಳುತ್ತದೆ. ಹಿತವೂ ನೋವೂ ಒಂದರಿಂದಲೇ ಬಂದವಲ್ಲ ಎಂದು ಅಚ್ಚರಿಪಡುತ್ತದೆ. ಹಸಿ ಸೌದೆಯನ್ನು ಬೆಂಕಿಯ ಪಕ್ಕ ಇಟ್ಟರೆ ಒಣಗಿ ಹತ್ತಿಕೊಳ್ಳುತ್ತದೆ ಎನ್ನುವುದನ್ನು ಆಮೇಲೆ ತಾನೇ ಕಂಡುಕೊಳ್ಳುತ್ತದೆ. ಯಾರೂ ಕದ್ದು ತಂದುಕೊಡದ ಬೆಂಕಿ ಇದು. ನೋಡಿ, ಸುಟ್ಟುಕೊಂಡು ಕಲಿತದ್ದು. ನನ್ನ ಮಟ್ಟಿಗೆ ಪುರಾಣ ವಿಜ್ಞಾನದ ಕಡೆಗೆ ಹೊರಳುವುದು ಈ ಪುಟದಲ್ಲಿ, ವಿಕ್ಟರ್‌ನ ಪ್ರಯೋಗಾಲಯದಲ್ಲಲ್ಲ. (ಸಿಡಿಲಿನ ಅಬ್ಬರದ ನಡುವೆ ಜೀವ ಬರುವ ದೃಶ್ಯ 1931ರ ಸಿನಿಮಾದ್ದು. ಪುಸ್ತಕದ್ದೆಂದುಕೊಂಡೀರಿ, ಜೋಕೆ.)

ಯಂತ್ರಮಾನವನ ಕಥೆಗೆ ಬೇರೆ ಬೇರು ಇದೆ: ಟಾಲೋಸ್. ಕ್ರಿ.ಪೂ. 3ನೇ ಶತಮಾನದ ಅಪೊಲೋನಿಯಸ್ ಬರೆದ ಆರ್ಗೋ ಹಡಗಿನ ಕಾವ್ಯದಲ್ಲಿ ಇವನು ಕ್ರೀಟ್ ದ್ವೀಪ ಕಾಯುವ ಕಂಚಿನ ಆಳು. ದಡಕ್ಕೆ ಬರುವ ಹಡಗಿನ ಮೇಲೆ ಬಂಡೆ ಎಸೆಯುತ್ತಾನೆ. ಮೈಯೆಲ್ಲ ಲೋಹ, ಪಾದದ ಹರಡಿನ ಹತ್ತಿರ ಮಾತ್ರ ತೆಳು ಚರ್ಮದ ಕೆಳಗೆ ಒಂದು ನಾಳ. ಆ ಹಡಗಿನಲ್ಲಿದ್ದ ಮಾಟಗಾತಿ ಮೀಡಿಯಾ ಮಂತ್ರ ಹಾಕುತ್ತಾಳೆ, ಹರಡು ಬಂಡೆಗೆ ತಗುಲುತ್ತದೆ, ಕರಗಿದ ಸೀಸದಂತೆ ಜೀವರಸ ಸುರಿದುಹೋಗುತ್ತದೆ. ಒಂದು ಜಾಗಕ್ಕೆ ಪೆಟ್ಟು ಬಿದ್ದರೆ ಇಡೀ ಯಂತ್ರ ನಿಲ್ಲುವ ಕಥೆಗಳೆಲ್ಲ ಈ ಹರಡಿನ ವಂಶದವು.

1968ರ ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾದ ಹಾಲ್ ಎಂಬ ಕಂಪ್ಯೂಟರ್ ಸಾಯುವ ಬಗೆಯನ್ನು ಇದರ ಪಕ್ಕ ಇಟ್ಟು ನೋಡಿ. ಗಗನಯಾತ್ರಿ ಒಳಹೊಕ್ಕು ನೆನಪಿನ ಬಿಲ್ಲೆಗಳನ್ನು ಒಂದೊಂದಾಗಿ ಬಿಚ್ಚುತ್ತಾನೆ. ಅಪೊಲೋನಿಯಸ್ ಟಾಲೋಸ್‌ನಿಂದ ಒಂದು ಮಾತೂ ಆಡಿಸಲಿಲ್ಲ. ಹಾಲ್ ಮಾತ್ರ ನನಗೆ ಭಯವಾಗುತ್ತಿದೆ, ನಿಲ್ಲಿಸು ಎಂದು ಬೇಡುತ್ತದೆ. ಈ ಬಾಯಿ ಕಂಚಿನ ಆಳಿನಿಂದ ಬಂದದ್ದಲ್ಲ. ತನ್ನ ಕಥೆಯನ್ನು ಹಿಮನದಿಯ ಬಳಿಯ ಗುಡಿಸಲಿನಲ್ಲಿ ತಾನೇ ವಿಕ್ಟರ್‌ಗೆ ಹೇಳಿಕೊಂಡು, ನನಗೊಬ್ಬ ಜೊತೆಗಾತಿಯನ್ನು ಮಾಡಿಕೊಡು ಎಂದು ಕೇಳಿದ ಮೇರಿ ಶೆಲ್ಲಿಯ ಜೀವಿಯಿಂದ ಬಂದದ್ದು.