ಗ್ಲೌಸ್ ಇರುವುದು ಕೈಗೆ, ತಲೆಗಲ್ಲ

ಬರಿಗೈಯಲ್ಲಿ ಯಾರ ತಲೆಗಾದರೂ ಜೋರಾಗಿ ಗುದ್ದಿದರೆ ಮೊದಲು ಮುರಿಯುವುದು ಹೆಚ್ಚಾಗಿ ಗುದ್ದಿದವನ ಕೈ. ನಮ್ಮ ಒಂದೊಂದು ಕೈಯಲ್ಲೂ 27 ಸಣ್ಣ ಮೂಳೆಗಳಿವೆ. ತಲೆಬುರುಡೆಯ ಮುಂದೆ ಅವುಗಳ ಆಟ ನಡೆಯುವುದಿಲ್ಲ. ಕಿರುಬೆರಳಿನ ಬುಡದ ಮೂಳೆ ಮುರಿದರೆ ಡಾಕ್ಟರುಗಳು ಅದನ್ನು ಕರೆಯುವುದೇ ‘ಬಾಕ್ಸರ್ಸ್ ಫ್ರ್ಯಾಕ್ಚರ್’ ಅಂತ. ಹಾಗಾಗಿ ಬಾಕ್ಸಿಂಗ್‌ನ ಬರಿಗೈ ಕಾಲದಲ್ಲಿ ತಲೆಗೆ ಗುದ್ದುವ ಮುಂಚೆ ಸ್ವಲ್ಪ ಯೋಚಿಸಬೇಕಿತ್ತು. ಬಾಕ್ಸಿಂಗ್ ಆಟಕ್ಕೆಂದು ಬರೆದ 1867ರ ಕ್ವೀನ್ಸ್‌ಬೆರಿ ನಿಯಮಗಳು ಗ್ಲೌಸ್ ತಂದವು. ನೋಡುವವರಿಗೆ ಆಟ ಸಭ್ಯವಾಯಿತು, ಗುದ್ದುವವನ ಕೈ ಉಳಿಯಿತು. ತಲೆಗೆ ಮಾತ್ರ ಇನ್ನು ಎಷ್ಟು ಸಲ ಬೇಕಾದರೂ ಗುದ್ದಬಹುದಾಯಿತು.

ಗ್ಲೌಸ್‌ನಿಂದ ಚರ್ಮ ಹರಿಯುವುದು ಕಮ್ಮಿಯಾಗುತ್ತದೆ, ನಿಜ. ಆದರೆ ತಲೆ ಗಿರ್ರನೆ ತಿರುಗುವುದನ್ನು ಅದು ತಡೆಯುವುದಿಲ್ಲ. ಅಪಾಯ ಇರುವುದೇ ಅಲ್ಲಿ.

ಒಂದು ಕೊಡದ ತುಂಬ ನೀರು ತೆಗೆದುಕೊಳ್ಳಿ. ಅದನ್ನು ಗಕ್ಕನೆ ಒಂದು ಪಕ್ಕಕ್ಕೆ ತಿರುಗಿಸಿ. ಕೊಡ ತಿರುಗಿತು, ಒಳಗಿನ ನೀರು ಇನ್ನೂ ಇದ್ದಲ್ಲೇ ಇದೆ. ಸುಮಾರು 1.4 ಕೆ.ಜಿ. ತೂಗುವ ಮೆದುಳು ಕೂಡ ಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ಬುರುಡೆ ತಿರುಗಿದಾಗ ಅದು ಹಿಂದೆ ಬೀಳುತ್ತದೆ, ಆಮೇಲೆ ಎಳೆದಂತೆ ಹಿಂಬಾಲಿಸುತ್ತದೆ. ಆ ಎಳೆತದಲ್ಲಿ ಕೂದಲಿಗಿಂತ ಎಷ್ಟೋ ಸಣ್ಣದಾದ ನರತಂತುಗಳು ಜಗ್ಗುತ್ತವೆ.

ಪಕ್ಕದಿಂದ ಬೀಸುವ ‘ಹುಕ್’ ಗದ್ದಕ್ಕೆ ತಗುಲಿದರೆ ಗಟ್ಟಿಮುಟ್ಟಾದ ಆಳು ಸಹ ಕುಸಿದು ಬೀಳುವುದು ಇದಕ್ಕೇ. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿ ನೋಡಿ, ಮಿಸುಕುವುದಿಲ್ಲ. ಅಂಚಿನಲ್ಲಿ ತಳ್ಳಿದರೆ ಒಂದು ಬೆರಳು ಸಾಕು. ಕುತ್ತಿಗೆ ಕೀಲಾದರೆ ಗದ್ದ ಬಾಗಿಲಿನ ಅಂಚು. ಆದರೆ ಅಲ್ಲಿ ಬೀಳುವುದು ಬೆರಳಲ್ಲ. 1985ರಲ್ಲಿ ಸಂಶೋಧಕರು ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೋ ಅವರ ಗುದ್ದನ್ನು ಅಳೆದರು. ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್. ಬಲ ಸುಮಾರು 400 ಕೆ.ಜಿ. ತೂಕಕ್ಕೆ ಸಮ.

ಮೆದುಳಿನ ಮೇಲ್ಮೈಯಿಂದ ಅದರ ಹೊರಪೊರೆಗೆ ಸೇತುವೆಯಂತೆ ಹಾದುಹೋಗುವ ತೆಳು ರಕ್ತನಾಳಗಳಿವೆ. ಈ ಜಗ್ಗಾಟದಲ್ಲಿ ಒಂದು ಹರಿದರೂ ಪೊರೆಯ ಕೆಳಗೆ ರಕ್ತ ತುಂಬತೊಡಗುತ್ತದೆ. ಇದು ಚಿಮ್ಮುವ ರಕ್ತವಲ್ಲ, ಒಸರುವ ರಕ್ತ. ಹಾಗಾಗಿ ಪೆಟ್ಟು ತಿಂದವನು ನಿಂತಿರುತ್ತಾನೆ, ಮಾತಾಡುತ್ತಾನೆ, ಇನ್ನೂ ಆಡುತ್ತೇನೆ ಅನ್ನುತ್ತಾನೆ. ಬುರುಡೆ ಹಿಗ್ಗುವುದಿಲ್ಲವಲ್ಲ, ಒಳಗೆ ಒತ್ತಡ ಏರುತ್ತಲೇ ಇರುತ್ತದೆ.

2019ರ ಜುಲೈ 19, ಅಮೆರಿಕದ ಮೇರಿಲ್ಯಾಂಡ್. ರಷ್ಯಾದ ಮ್ಯಾಕ್ಸಿಮ್ ದಾದಶೇವ್ 11ನೇ ರೌಂಡ್ ಮುಗಿಸಿ ತಮ್ಮ ಮೂಲೆಯಲ್ಲಿ ಬಂದು ಕೂತರು. ಕೋಚ್ ಬಡ್ಡಿ ಮೆಕ್‌ಗರ್ಟ್ ಮುಖದ ಹತ್ತಿರ ಬಗ್ಗಿ, ನಿಲ್ಲಿಸಿಬಿಡ್ತೀನಿ, ತುಂಬಾ ಪೆಟ್ಟು ಬೀಳ್ತಿದೆ ಅಂದರು. ದಾದಶೇವ್ ತಲೆ ಅಲ್ಲಾಡಿಸಿದರು, ಬೇಡ. ಕೋಚ್ ಅಕ್ಷರಶಃ ಅಂಗಲಾಚಿದರು, ಇವರು ಮತ್ತೆ ಬೇಡವೆಂದರು. ಕೊನೆಗೆ ಕೋಚ್ ಎದ್ದು ಹೋಗಿ ಪಂದ್ಯ ನಿಲ್ಲಿಸಿದರು. ಕೋಚ್ ಆದವನು ಮಾಡಬೇಕಾದ್ದನ್ನೇ ಮಾಡಿದರು. ಆದರೆ ಹೊತ್ತು ಮೀರಿತ್ತು. ಡ್ರೆಸಿಂಗ್ ರೂಮ್ ತಲುಪುವ ಮುಂಚೆಯೇ ದಾದಶೇವ್ ಕುಸಿದರು. ತಲೆಯ ಆಪರೇಷನ್ ಆಯಿತು. ನಾಲ್ಕು ದಿನದ ಮೇಲೆ ತೀರಿಕೊಂಡರು. ವಯಸ್ಸು 28.

ಆ ವಿಡಿಯೋ ನೋಡಿದಾಗಿನಿಂದ ‘ಕೊನೆಯವರೆಗೂ ಹೋರಾಡಿದ’ ಎಂಬ ಕಾಮೆಂಟರಿ ಕೇಳಿದರೆ ನನಗೆ ಕಸಿವಿಸಿ.

ಬಿದ್ದವನಿಗೆ ಎದ್ದು ಮತ್ತೆ ಆಡಲು ಹತ್ತು ಎಣಿಸುವಷ್ಟು ಹೊತ್ತು ಕೊಡುವ ಪದ್ಧತಿಯೂ 1867ರ ಆ ನಿಯಮಗಳದ್ದೇ. ಕ್ರಿಕೆಟ್‌ನಲ್ಲಿ ಹೆಲ್ಮೆಟ್‌ಗೆ ಚೆಂಡು ಬಡಿದು ಬ್ಯಾಟರ್‌ಗೆ ಮಂಕು ಕವಿದಂತಿದ್ದರೆ ಹೊರಗೆ ಕರೆದುಕೊಂಡು ಹೋಗುತ್ತಾರೆ. 2019ರಿಂದ ಬದಲಿ ಆಟಗಾರನಿಗೂ ಅವಕಾಶವಿದೆ. ಬಾಕ್ಸಿಂಗ್‌ನಲ್ಲಿ ಅದೇ ಮಂಕಿಗೆ ಕೆಲವು ಸೆಕೆಂಡ್ ಬಿಡುವು, ಆಮೇಲೆ ಮತ್ತಷ್ಟು ಪೆಟ್ಟು. ವಿಚಿತ್ರ ಅಲ್ವಾ?

ಪ್ರತಿ ದೊಡ್ಡ ಸಾವಿನ ಮೇಲೆ ರೌಂಡ್ ಕಡಿಮೆ ಮಾಡುವುದು ಒಂದು ರೂಢಿಯಾಗಿದೆ. 1982ರಲ್ಲಿ ಕೊರಿಯಾದ ಕಿಮ್ ಡುಕ್ ಕೂ 14ನೇ ರೌಂಡ್‌ನಲ್ಲಿ ಬಿದ್ದು ಸತ್ತ ಮೇಲೆ ಚಾಂಪಿಯನ್‌ಷಿಪ್ ಪಂದ್ಯಗಳು 15ರಿಂದ 12ಕ್ಕೆ ಇಳಿದವು. 2025ರ ಆಗಸ್ಟ್‌ನಲ್ಲಿ ಟೋಕಿಯೋದ ಕೊರಾಕುಯೆನ್ ಹಾಲ್‌ನಲ್ಲಿ ಒಂದೇ ದಿನ ಆಡಿದ ಇಬ್ಬರು ಮೆದುಳಿನ ರಕ್ತಸ್ರಾವದಿಂದ ಸತ್ತರು. ಒಬ್ಬರು 12 ರೌಂಡ್ ಪೂರ್ತಿ ಆಡಿ ಪಂದ್ಯ ಡ್ರಾ ಮಾಡಿಕೊಂಡಿದ್ದವರು. ಅದಾದ ಮೇಲೆ ಜಪಾನ್‌ನಲ್ಲಿ ಕೆಲವು ಟೈಟಲ್ ಪಂದ್ಯಗಳನ್ನು 10 ರೌಂಡ್‌ಗೆ ಇಳಿಸಿದರು. ಒಳ್ಳೆಯದೇ. ಆದರೆ ಇನ್ನೊಬ್ಬರ ಪಂದ್ಯ ಎಂಟನೇ ರೌಂಡ್‌ನಲ್ಲೇ ನಿಂತಿತ್ತು.

ಇದೆಲ್ಲ ಸುದ್ದಿಯಾಗುವ ಸಾವು. ಇನ್ನೊಂದು ಹಾನಿ ಸದ್ದಿಲ್ಲದೆ ನಡೆಯುತ್ತದೆ. 1928ರಲ್ಲೇ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ‘ಪಂಚ್ ಡ್ರಂಕ್’ ಬಾಕ್ಸರ್‌ಗಳ ಬಗ್ಗೆ ಬರೆದರು. ಕುಡಿಯದೆಯೂ ತೊದಲುವವರು, ತೂರಾಡುವವರು, ಮರೆಯುವವರು. 1973ರಲ್ಲಿ ಬ್ರಿಟನ್ನಿನ ಕಾರ್ಸೆಲಿಸ್ ಮತ್ತು ಸಂಗಡಿಗರು 15 ಮಾಜಿ ಬಾಕ್ಸರ್‌ಗಳ ಮೆದುಳನ್ನು ಸತ್ತ ನಂತರ ಪರೀಕ್ಷಿಸಿದರು. ಅವುಗಳಲ್ಲಿ ನರಕೋಶಗಳ ಒಳಗೆ ಸಿಕ್ಕುಗಂಟುಗಳು ಕಂಡವು. ಅದು ಟೌ ಎಂಬ ಪ್ರೋಟೀನ್ ಎಂದು ಈಗ ಗೊತ್ತು. ಈ ಕಾಯಿಲೆಯನ್ನು ಖಚಿತವಾಗಿ ಹೇಳಲು ಇವತ್ತಿಗೂ ಸಾವಿನ ನಂತರದ ಪರೀಕ್ಷೆಯೇ ಬೇಕು.

ಈ ಗಂಟುಗಳನ್ನು ಕಟ್ಟುವುದು ನಾಕೌಟ್‌ಗಳಷ್ಟೇ ಅಲ್ಲ. ಎಚ್ಚರ ತಪ್ಪಿಸದ ಸಣ್ಣಪುಟ್ಟ ಪೆಟ್ಟುಗಳು ವರ್ಷಗಟ್ಟಲೆ ಒಟ್ಟಾಗಿ ಮಾಡುವ ಕೆಲಸ ಇದು. ಅಂಥ ಪೆಟ್ಟು ಜಾಸ್ತಿ ಬೀಳುವುದು ಸ್ಪಾರಿಂಗ್‌ನಲ್ಲಿ, ಅಂದರೆ ಜಿಮ್ಮಿನ ಅಭ್ಯಾಸದ ಕಾದಾಟದಲ್ಲಿ. ಪಂದ್ಯ ವರ್ಷಕ್ಕೆ ಕೆಲವೇ ಕೆಲವು, ಸ್ಪಾರಿಂಗ್ ಮಾತ್ರ ವಾರವಾರವೂ. ಅಲ್ಲಿ ರೆಫರಿ ಇಲ್ಲ, ಡಾಕ್ಟರ್ ಇಲ್ಲ, ಎಷ್ಟು ಬಿತ್ತೆಂದು ಬರೆದಿಡುವವರೂ ಇಲ್ಲ. ‘ಒಂದೂ ನಾಕೌಟ್ ಆಗಿಲ್ಲ’ ಎಂಬ ದಾಖಲೆ ಮೆದುಳಿನ ಮಟ್ಟಿಗೆ ಏನನ್ನೂ ಹೇಳುವುದಿಲ್ಲ. ಪೆಟ್ಟು ತಡೆದುಕೊಳ್ಳುವ ಗಟ್ಟಿ ಗದ್ದದವನು ಇನ್ನೂ ಹೆಚ್ಚು ಪೆಟ್ಟು ತಿಂದಿರುತ್ತಾನೆ, ಅಷ್ಟೇ.

ಇದನ್ನೆಲ್ಲ ಲೆಕ್ಕ ಇಡಬೇಕಾದವರು ಯಾರು? ವೃತ್ತಿಪರ ಬಾಕ್ಸಿಂಗ್‌ಗೆ ಒಬ್ಬ ಯಜಮಾನ ಇಲ್ಲ. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಓ ಎಂದು ನಾಲ್ಕು ದೊಡ್ಡ ಸಂಸ್ಥೆಗಳು, ಹೆಚ್ಚುಕಮ್ಮಿ 17 ತೂಕದ ವರ್ಗಗಳು. ಚಾಂಪಿಯನ್ ಬೆಲ್ಟ್‌ಗಳಿಗೆ ಬರವಿಲ್ಲ. ಆದರೆ ಒಬ್ಬ ಬಾಕ್ಸರ್‌ಗೆ ‘ಸಾಕು, ಇನ್ನು ಎಲ್ಲೂ ಆಡಬೇಡ’ ಎಂದು ಇಡೀ ಜಗತ್ತಿಗೆ ಅನ್ವಯವಾಗುವಂತೆ ಹೇಳುವ ಅಧಿಕಾರ ಇವರಲ್ಲಿ ಯಾರಿಗೂ ಇಲ್ಲ. ಲೈಸೆನ್ಸ್ ಕೊಡುವುದು ಆಯಾ ದೇಶದ, ರಾಜ್ಯದ ಕಮಿಷನ್. ಕೋಟಿಗಟ್ಟಲೆ ಗಳಿಸುವವರು ಬೆರಳೆಣಿಕೆ. ಉಳಿದವರಲ್ಲಿ ‘ಜರ್ನಿಮನ್’ ಎಂಬ ಗುಂಪೇ ಇದೆ. ನಾಳಿದ್ದು ಪಂದ್ಯ ಎಂದು ಫೋನ್ ಬಂದರೆ ಬ್ಯಾಗು ಹಿಡಿದು ಹೊರಡುವವರು. ಮೇಲೇರುತ್ತಿರುವ ಹುಡುಗರ ಗೆಲುವಿನ ಪಟ್ಟಿ ಬೆಳೆಯಲಿ ಎಂದೇ ಕರೆಸಿದ್ದಾರೆಂದು ಅವರಿಗೂ ಗೊತ್ತು.

ಬದಲಾವಣೆ ಬಂದಿಲ್ಲ ಎನ್ನಲಾಗದು. 1991ರಲ್ಲಿ ಲಂಡನ್‌ನಲ್ಲಿ ಕ್ರಿಸ್ ಯೂಬ್ಯಾಂಕ್ ಜೊತೆಗಿನ ಪಂದ್ಯದಲ್ಲಿ ಮೈಕಲ್ ವಾಟ್ಸನ್ ಕುಸಿದರು. ರಿಂಗ್ ಪಕ್ಕದಲ್ಲಿ ಸರಿಯಾದ ಚಿಕಿತ್ಸೆ ಸಿಗಲಿಲ್ಲ, ಮೊದಲು ಹೋದ ಆಸ್ಪತ್ರೆಯಲ್ಲಿ ಮೆದುಳಿನ ಆಪರೇಷನ್ ಸೌಲಭ್ಯವೇ ಇರಲಿಲ್ಲ. 40 ದಿನ ಕೋಮಾ. ವಾಟ್ಸನ್ ಅಲ್ಲಿನ ಬಾಕ್ಸಿಂಗ್ ಮಂಡಳಿಯ ಮೇಲೆಯೇ ಕೇಸು ಹಾಕಿದರು. ಬಾಕ್ಸರ್‌ನ ಸುರಕ್ಷತೆ ಮಂಡಳಿಯ ಹೊಣೆ ಎಂದು 2000ದಲ್ಲಿ ಮೇಲ್ಮನವಿ ಕೋರ್ಟ್ ಕೂಡ ಹೇಳಿತು.

2003ರಲ್ಲಿ ಅದೇ ವಾಟ್ಸನ್ ಲಂಡನ್ ಮ್ಯಾರಥಾನ್ ನಡೆದು ಮುಗಿಸಿದರು. 42 ಕಿ.ಮೀ.ಗೆ ಆರು ದಿನ ಹಿಡಿಯಿತು. ಕೊನೆಯ ಹೆಜ್ಜೆಗಳಲ್ಲಿ ಅವರ ಪಕ್ಕ ನಡೆಯುತ್ತಿದ್ದವರಲ್ಲಿ ಒಬ್ಬರು ತಲೆಯ ಆಪರೇಷನ್ ಮಾಡಿದ ಪೀಟರ್ ಹ್ಯಾಮ್ಲಿನ್. ಇನ್ನೊಬ್ಬರು ಯೂಬ್ಯಾಂಕ್.