ಪತ್ರಿಕೆಯ ಒಡೆತನ ಮತ್ತು ಟ್ರಸ್ಟ್ ಡೀಡಿನ ಕೊನೆಯ ಪುಟಗಳು

ಟ್ರಸ್ಟ್ ಮಾಡಿಕೊಡಿ ಎಂದು ಬರುವವರು ಉದ್ದೇಶಗಳನ್ನು ಬಹಳ ಆಸ್ಥೆಯಿಂದ ಬರೆದು ತರುತ್ತಾರೆ. ಟ್ರಸ್ಟಿಗಳ ಅಧಿಕಾರದ ಭಾಗವನ್ನು ಮಾತ್ರ ಯಾವುದೋ ಹಳೆಯ ಡೀಡಿನಿಂದ, ಅಂದರೆ ಟ್ರಸ್ಟಿನ ಸ್ಥಾಪನಾ ಪತ್ರದಿಂದ, ಎತ್ತಿಕೊಂಡಿರುತ್ತಾರೆ. ಅವರಿಗೆ ನಾನು ಹೇಳುವುದು ಹುಬ್ಬಳ್ಳಿಯ ಲೋಕಶಿಕ್ಷಣ ಟ್ರಸ್ಟಿನ ಪ್ರಕರಣ.

ರಂ. ರಾ. ದಿವಾಕರರು 1921ರಲ್ಲಿ ಧಾರವಾಡದಲ್ಲಿ ‘ಕರ್ಮವೀರ’ ಆರಂಭಿಸಿದರು. 1935ರಲ್ಲಿ ಲೋಕಶಿಕ್ಷಣ ಟ್ರಸ್ಟ್ ಆಯಿತು. ‘ಸಂಯುಕ್ತ ಕರ್ನಾಟಕ’, ‘ಕರ್ಮವೀರ’, ಮುಂದೆ ‘ಕಸ್ತೂರಿ’ ಈ ಟ್ರಸ್ಟಿನ ಪತ್ರಿಕೆಗಳು. ವಾಚನಾಲಯ ನಡೆಸುವುದು, ಪುಸ್ತಕ ಪ್ರಕಟಿಸುವುದು, ಕನ್ನಡಿಗರ ಅಭಿಪ್ರಾಯಕ್ಕೆ ಒಂದು ಪತ್ರಿಕೆ ಒದಗಿಸುವುದು ಡೀಡಿನ ಉದ್ದೇಶಗಳಲ್ಲಿದ್ದವು. ಕನ್ನಡ ಮಾತನಾಡುವ ನೆಲ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲದಲ್ಲಿ ಇದು ಎಷ್ಟು ದೊಡ್ಡ ಕನಸು ಎಂದು ಈಗಲೂ ಬೆರಗಾಗುತ್ತದೆ.

ಶಿಕ್ಷಣದಂಥ ಧರ್ಮಾರ್ಥ ಉದ್ದೇಶಕ್ಕೆ ಸಿಗುವ ತೆರಿಗೆ ವಿನಾಯಿತಿಯನ್ನು ಟ್ರಸ್ಟ್ ಕೇಳಿತು; ಆದಾಯ ತೆರಿಗೆ ಇಲಾಖೆ ನಿರಾಕರಿಸಿತು. 1975ರಲ್ಲಿ ಸುಪ್ರೀಂ ಕೋರ್ಟ್ ಕೂಡ ಟ್ರಸ್ಟಿನ ವಿರುದ್ಧ ತೀರ್ಪಿತ್ತಿತು. ಕಾನೂನಿನಲ್ಲಿ ಶಿಕ್ಷಣವೆಂದರೆ ಕ್ರಮಬದ್ಧ ಬೋಧನೆ, ತರಬೇತಿ; ತಿಳಿವಳಿಕೆ ಹೆಚ್ಚಿಸುವುದೆಲ್ಲ ಶಿಕ್ಷಣವಾಗದು ಎಂದರು ನ್ಯಾಯಮೂರ್ತಿ ಖನ್ನಾ. ಜೇಬು ಕತ್ತರಿಸಿದ ಕಳ್ಳನೂ ಪಾಠ ಕಲಿಸುತ್ತಾನಲ್ಲ ಎಂಬುದು ಅವರು ಕೊಟ್ಟ ಉದಾಹರಣೆ! ಸಾರ್ವಜನಿಕ ಉಪಯೋಗದ ಉದ್ದೇಶವೆಂದಾದರೂ ಒಪ್ಪಬಹುದಿತ್ತು. ಲಾಹೋರಿನ ‘ಟ್ರಿಬ್ಯೂನ್’ ಟ್ರಸ್ಟ್ 1939ರಲ್ಲಿ ಬ್ರಿಟಿಷ್ ಕಾಲದ ಅತ್ಯುನ್ನತ ನ್ಯಾಯಪೀಠವಾದ ಪ್ರಿವಿ ಕೌನ್ಸಿಲಿನಲ್ಲಿ ಗೆದ್ದದ್ದು ಇದೇ ವಾದದಿಂದ. ಆದರೆ 1961ರ ಆದಾಯ ತೆರಿಗೆ ಕಾಯ್ದೆ, ಅಂಥ ಉದ್ದೇಶದಲ್ಲಿ ಲಾಭದ ಚಟುವಟಿಕೆ ಇರಕೂಡದು ಎಂಬ ಮಾತನ್ನು ಸೇರಿಸಿತ್ತು. ಇಲ್ಲಿ ಮುದ್ರಣ, ಪ್ರಕಾಶನದ ವ್ಯವಹಾರವಿತ್ತು. ಲಾಭ ಗಳಿಸಲು ಟ್ರಸ್ಟಿಗೆ ಯಾವ ನಿರ್ಬಂಧವೂ ಇರಲಿಲ್ಲ.

ಮೇಲ್ಮನವಿಯ ಹೆಸರನ್ನೇ ನೋಡಿ: ‘ಏಕೈಕ ಟ್ರಸ್ಟಿ, ಲೋಕಶಿಕ್ಷಣ ಟ್ರಸ್ಟ್’. ನಾಡಿನ ದನಿಯಾಗಲು ಹುಟ್ಟಿದ ಸಂಸ್ಥೆಯ ಪರವಾಗಿ ಕೋರ್ಟಿನಲ್ಲಿ ನಿಂತದ್ದು ಒಬ್ಬರೇ ಟ್ರಸ್ಟಿ. ಆ ವ್ಯಕ್ತಿ ಎಷ್ಟೇ ಪ್ರಾಮಾಣಿಕರಾಗಿರಲಿ, ನನ್ನ ಮಟ್ಟಿಗೆ ಇದು ತೆರಿಗೆಗಿಂತ ದೊಡ್ಡ ಪ್ರಶ್ನೆ.

ಲಾಭ ಇರಕೂಡದು ಎಂಬ ಮಾತನ್ನು ಸುಪ್ರೀಂ ಕೋರ್ಟಿನ 1979ರ ಸೂರತ್ ಆರ್ಟ್ ಸಿಲ್ಕ್ ತೀರ್ಪು ಸಡಿಲಿಸಿತು. ಶಿಕ್ಷಣದ ಕಿರಿದಾದ ಅರ್ಥವನ್ನು 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಎತ್ತಿಹಿಡಿಯಿತು.

ಕಂಪನಿ ಒಡೆತನದ ಪತ್ರಿಕೆಯಲ್ಲಿ ಷೇರು ಯಾರದೋ ಮಾತು ಅವರದು. 2006ರಲ್ಲಿ ‘ವಿಜಯ ಕರ್ನಾಟಕ’ ಉದ್ಯಮಿ ವಿಜಯ ಸಂಕೇಶ್ವರರಿಂದ ಟೈಮ್ಸ್ ಸಮೂಹದ ಕೈಸೇರಿದಂತೆ ಅದು ಮಾರಾಟವಾಗಬಹುದು. ಟ್ರಸ್ಟಿನಲ್ಲಿ ಷೇರಿಲ್ಲ, ಹಾಗಾಗಿ ಟ್ರಸ್ಟಿ ಹುದ್ದೆಯೇ ಒಡೆತನ. ಫೆಬ್ರವರಿ ಮುಗಿದ ಮೇಲೆ ಪತ್ರಿಕೆಗಳು ಅಚ್ಚು ಹಾಕುತ್ತಿದ್ದ 4ನೇ ನಮೂನೆಯಲ್ಲಿ ಮಾಲೀಕರ ಹೆಸರು, ಶೇ 1ಕ್ಕಿಂತ ಹೆಚ್ಚು ಬಂಡವಾಳ ಹೊಂದಿದವರ ಹೆಸರು ಸಿಗುತ್ತಿತ್ತು. ಟ್ರಸ್ಟಿಯನ್ನು ನೇಮಿಸುವವರು ಯಾರು, ತೆಗೆಯುವವರು ಯಾರು, ಉಳಿದ ಹಣ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಡೀಡನ್ನೇ ತೆರೆಯಬೇಕು.